ಚಂದ್ರನ ಮೇಲೆ ತಿಂಗಳುಗಟ್ಟಲೆ ಇದ್ದರೆ ಅಲ್ಲಿನ ಧೂಳು ಶ್ವಾಸಕೋಶಕ್ಕೆ ಏನು ಮಾಡುತ್ತದೆ?

ಇಳಕಲ್_ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮೊನ್ನೆ ಚಂದ್ರಯಾನ-3 ಬಗ್ಗೆ ಮಾತಾಡುವಾಗ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, 2040ಕ್ಕೆ ನಮ್ಮವರೂ ಚಂದ್ರನ ಮೇಲೆ ಇಳಿತಾರಂತೆ, ಆದರೆ ಅಲ್ಲಿನ ಧೂಳು ವಿಷ ಅಂತ ವಿಡಿಯೋದಲ್ಲಿ ನೋಡಿದೆ, ಹಂಗಾದರೆ ಅಲ್ಲಿ ಮನೆ ಕಟ್ಟಿಕೊಂಡು ಇರೋದು ಹೆಂಗೆ?" ಅಂದಳು. ನಾಳೆ ಹೇಳುತ್ತೇನೆ ಅಂತ ಹೇಳಿ ಬಂದಿದ್ದೇನೆ.

ಕೂತು ಓದಿದೆ. ಓದಿದಷ್ಟೂ ಗೊಂದಲ ಜಾಸ್ತಿ ಆಯಿತು. ಚಂದ್ರನ ಮೇಲೆ ಗಾಳಿಯೇ ಇಲ್ಲ, ಹೊರಗೆ ಓಡಾಡುವವರು ಸೂಟ್ ಒಳಗೆ ಇರುತ್ತಾರೆ, ಹಾಗಿರುವಾಗ ಧೂಳು ಮೂಗಿಗೆ ಹೋಗುವುದಾದರೂ ಎಲ್ಲಿಂದ? ಇನ್ನೊಂದು, ಒಂದು ಕಡೆ ಆ ಧೂಳು ಜೀವಕೋಶಗಳನ್ನು ಶೇ 90ರಷ್ಟು ಕೊಲ್ಲುತ್ತದೆ ಅಂತ ಬರೆದಿದ್ದಾರೆ. ಮತ್ತೊಂದು ಕಡೆ ಸಿಡ್ನಿಯ ರಸ್ತೆ ಧೂಳಿಗಿಂತ ಅದೇ ವಾಸಿ ಅಂತ ಇದೆ. ಯಾವುದನ್ನು ಮಕ್ಕಳಿಗೆ ಹೇಳುವುದು?

ನಮ್ಮ ಕಡೆ ಕಲ್ಲಿನ ಧೂಳು ಅಂದರೆ ಬರೀ ಪಾಠದ ವಿಷಯ ಅಲ್ಲ. ನಮ್ಮಪ್ಪ ಗ್ರಾನೈಟ್ ಕಟಿಂಗ್, ಪಾಲಿಶ್ ಕೆಲಸದಲ್ಲೇ ವಯಸ್ಸು ಕಳೆದವರು. ಈಗ ಮಹಡಿ ಮೆಟ್ಟಿಲು ಹತ್ತಿದರೆ ಅರ್ಧಕ್ಕೇ ನಿಲ್ಲುತ್ತಾರೆ. ಕ್ಲಾಸಿನಲ್ಲಿ ಅರ್ಧದಷ್ಟು ಮಕ್ಕಳ ಮನೆಯಲ್ಲಿ ಇಂಥವರೊಬ್ಬರು ಇದ್ದಾರೆ. ಅದಕ್ಕೇ ಸರಿಯಾಗಿ ತಿಳಿದುಕೊಂಡು ಹೇಳಬೇಕು ಅನ್ನಿಸಿದೆ. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ನಿರ್ವಾತ:

ಟೀಚರ್, ನಿಮ್ಮ ಮೊದಲ ಪ್ರಶ್ನೆ ಹಿಡಿದುಕೊಳ್ಳುತ್ತೇನೆ. ಹೊರಗೆ ಇರುವಾಗ ಉಸಿರಿಗೆ ಧೂಳು ಹೋಗುವುದಿಲ್ಲ, ನಿಜ. ಒಳಗೆ ಬಂದ ಮೇಲೆ ಹೋಗುತ್ತದೆ. ಸೂಟಿನ ಬಟ್ಟೆಗೆ, ಬೂಟಿಗೆ, ಕೈಗವಸಿಗೆ, ಕಲ್ಲು ತುಂಬಿದ ಚೀಲಕ್ಕೆ ಅಂಟಿಕೊಂಡೇ ಅದು ಕ್ಯಾಬಿನ್ ಒಳಗೆ ಬರುತ್ತದೆ. ಮನುಷ್ಯರನ್ನು ಚಂದ್ರನ ಮೇಲೆ ಇಳಿಸಿದ ಅಮೆರಿಕದ ಅಪೊಲೊ ನೌಕೆಯಲ್ಲಿ ಬೇರೆ ಕೋಣೆ ಅಂತ ಇರಲಿಲ್ಲ. ಬಾಗಿಲು ಮುಚ್ಚಿ, ಗಾಳಿ ತುಂಬಿಸಿ, ಹೆಲ್ಮೆಟ್ ತೆಗೆದರೆ ಮುಗಿಯಿತು, ಊಟ ಮಾಡುವ ಜಾಗ, ಮಲಗುವ ಜಾಗ, ಧೂಳು ಉದುರುವ ಜಾಗ ಎಲ್ಲ ಅದೇ.

1972ರ ಡಿಸೆಂಬರ್, ಅಪೊಲೊ 17. ಹ್ಯಾರಿಸನ್ ಸ್ಮಿಟ್ ಭೂವಿಜ್ಞಾನಿ, ಕಲ್ಲುಮಣ್ಣಿನ ಜೊತೆಗೇ ಬೆಳೆದ ಮನುಷ್ಯ. ಮೊದಲ ದಿನದ ಓಡಾಟ ಮುಗಿಸಿ ಒಳಗೆ ಬಂದು ಹೆಲ್ಮೆಟ್ ತೆಗೆದ ಸ್ವಲ್ಪ ಹೊತ್ತಿಗೆ ಮೂಗಿನೊಳಗೆ ಊತ ಬಂದು ಕಟ್ಟಿಕೊಂಡಿತು. ಹೂವಿನ ಪರಾಗಕ್ಕೆ ಅಲರ್ಜಿ ಇರುವವರಿಗೆ ಆಗುವಂಥದ್ದೇ. ಕೆಲವು ಗಂಟೆಗಳಲ್ಲಿ ಇಳಿಯಿತು, ಮುಂದಿನ ಸಲಗಳಲ್ಲಿ ಅಷ್ಟು ಜೋರಾಗಿ ಬರಲಿಲ್ಲ. ವಾಸನೆ ಹೇಗಿತ್ತು ಅಂದರೆ ಆಗತಾನೇ ಸುಟ್ಟ ಸಿಡಿಮದ್ದಿನ ವಾಸನೆ ಅಂತ ಹಲವರು ಹೇಳಿದ್ದಾರೆ. ವಿಚಿತ್ರ ಅಂದರೆ ಅದೇ ಮಣ್ಣು ಭೂಮಿಗೆ ಬಂದ ಮೇಲೆ ವಾಸನೆಯೇ ಇಲ್ಲ. ಇಲ್ಲಿನ ಆಮ್ಲಜನಕ, ತೇವ ತಗುಲಿ ಅದರ ಮೇಲ್ಮೈ ತಣ್ಣಗಾಗಿಬಿಟ್ಟಿರುತ್ತದೆ.

ಅಪೊಲೊ 12ರವರದ್ದು ಇನ್ನೂ ಕಷ್ಟ. ಚಂದ್ರನ ನೆಲ ಬಿಟ್ಟು ಮೇಲೆ ಹಾರಿ ಕಕ್ಷೆ ಸೇರಿದ ಕೂಡಲೇ ತೂಕ ಹೋಯಿತಲ್ಲ, ನೆಲದ ಮೇಲೆ ಬಿದ್ದಿದ್ದ ಧೂಳೆಲ್ಲ ಎದ್ದು ಕ್ಯಾಬಿನ್ ತುಂಬ ತೇಲಿತು. ಹೆಲ್ಮೆಟ್ ಇಲ್ಲದೆ ಉಸಿರಾಡುವುದು ಕಷ್ಟವಾಗಿತ್ತು, ಕಣ್ಣಿಗೂ ತೊಂದರೆ ಆಯಿತು ಅಂತ ಅವರ ವರದಿಯಲ್ಲೇ ಇದೆ. ಮುಖ್ಯ ನೌಕೆಗೆ ಧೂಳು ಬರಬಾರದು ಅಂತ ಪೀಟ್ ಕಾನ್ರಾಡ್, ಅಲನ್ ಬೀನ್ ಇಬ್ಬರೂ ಸೂಟ್, ಬಟ್ಟೆ ಎಲ್ಲ ಕಳಚಿಯೇ ಈ ಕಡೆ ದಾಟಿದರು.

ಇನ್ನು ಅದು ಯಾಕೆ ಅಷ್ಟು ಅಂಟುತ್ತದೆ ಅಂದರೆ, ಸೂರ್ಯನ ಅತಿನೇರಳೆ ಕಿರಣ ಮತ್ತು ಸೌರಮಾರುತ (ಸೂರ್ಯನಿಂದ ಹೊಮ್ಮುವ ಆವೇಶದ ಕಣಗಳ ಹರಿವು) ನೇರವಾಗಿ ಬಡಿದು ಕಣಗಳಿಗೆ ವಿದ್ಯುತ್ ಆವೇಶ ಬಂದಿರುತ್ತದೆ. ಕೊಡವಿದರೆ ಬೀಳುವುದಿಲ್ಲ. ಬ್ರಷ್ ಹಾಕಿದರೆ ಬಟ್ಟೆಯ ಎಳೆಯೊಳಗೆ ಇನ್ನೂ ಇಳಿಯುತ್ತದೆ.

ಕಲ್ಲುಮಣ್ಣು:

ನಾನು ಭೂವಿಜ್ಞಾನ ಓದಿದವನು. ವಿಷ ಅನ್ನುವ ಪದ ಇಲ್ಲಿ ದಾರಿ ತಪ್ಪಿಸುತ್ತದೆ ಅಂತ ನನಗೆ ಅನ್ನಿಸುತ್ತದೆ. ಸಯನೈಡ್, ಪಾದರಸದ ಥರ ಇದು ರಾಸಾಯನಿಕ ವಿಷ ಅಲ್ಲ. ಚಂದ್ರನ ಮಣ್ಣು ಅಂದರೆ ಪುಡಿಯಾದ ಕಲ್ಲು ಮತ್ತು ಗಾಜು. ತೂಕದಲ್ಲಿ ಹತ್ತಿರತ್ತಿರ ಅರ್ಧದಷ್ಟು ಸಿಲಿಕಾ ಇದೆ ಅಂತ ಓದಿದವರು ತಕ್ಷಣ ಸಿಲಿಕೋಸಿಸ್‌ಗೆ, ಅಂದರೆ ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಗೆ, ಹೋಗಿಬಿಡುತ್ತಾರೆ. ಆದರೆ ಆ ಸಿಲಿಕಾ ಬಹುಪಾಲು ಪ್ಲಾಜಿಯೋಕ್ಲೇಸ್, ಪೈರಾಕ್ಸೀನ್, ಆಲಿವೀನ್ ಖನಿಜಗಳ ಒಳಗೆ, ಗಾಜಿನ ಒಳಗೆ ಕಟ್ಟಿಹಾಕಿದ ಸಿಲಿಕಾ. ನಮ್ಮ ಗ್ರಾನೈಟ್‌ನಲ್ಲಿ ಕಣ್ಣಿಗೇ ಕಾಣುವಂತೆ ಇರುವ ಬೆಣಚುಕಲ್ಲು, ಅಂದರೆ ಬಿಡಿ ಕ್ವಾರ್ಟ್ಜ್, ಚಂದ್ರನಲ್ಲಿ ತೀರಾ ಕಡಿಮೆ. ಟೀಚರ್ ತಂದೆಯವರ ಎದೆಗೆ ಹೋಗಿರುವುದು ಆ ಬೆಣಚಿನ ಧೂಳು. ಎರಡೂ ಒಂದೇ ಅಲ್ಲ.

ಹಾಗಂತ ಚಂದ್ರನ ಧೂಳು ಸಾಧು ಅಂತ ಹೇಳುತ್ತಿಲ್ಲ. ಹೊಳೆದಂಡೆಯ ಮರಳು ಅಂಗೈಯಲ್ಲಿ ಉಜ್ಜಿದರೆ ನುಣುಪು, ಆಗತಾನೇ ಒಡೆದ ಗಾಜಿನ ಪುಡಿ ಉಜ್ಜಿದರೆ ರಕ್ತ. ಅಲ್ಲಿನದು ಎರಡನೆಯ ಥರದ್ದು. ಗಾಳಿ ಇಲ್ಲ, ನೀರು ಇಲ್ಲ, ಅಂಚು ಸವೆಯುವ ಪ್ರಶ್ನೆಯೇ ಇಲ್ಲ. ಕೋಟ್ಯಂತರ ವರ್ಷಗಳಿಂದ ಸಣ್ಣ ಸಣ್ಣ ಉಲ್ಕಾಕಣಗಳು ಬಡಿದು ಒಡೆಯುತ್ತಲೇ ಇವೆ, ಬಡಿದ ಬಿಸಿಗೆ ಕರಗಿ, ಅಕ್ಕಪಕ್ಕದ ಚೂರುಗಳನ್ನು ಅಂಟಿಸಿಕೊಂಡು, ಮೂಲೆಮೂಲೆಗೆ ಚುಚ್ಚುವ ಕೊಂಬುಗಳಿರುವ ಗಾಜಿನ ಉಂಡೆಗಳಾಗಿವೆ. ಆ ಗಾಜಿನ ಸಿಪ್ಪೆಯಲ್ಲಿ ನ್ಯಾನೋಮೀಟರ್ ಗಾತ್ರದ ಶುದ್ಧ ಕಬ್ಬಿಣದ ಚುಕ್ಕೆಗಳೂ ಇರುತ್ತವೆ. ನಮ್ಮ ಭೂಮಿಯ ಧೂಳಿನಲ್ಲಿ ಇದು ಹೀಗೆ ಸಿಗುವುದಿಲ್ಲ. ಗಾತ್ರ ನೋಡಿದರೆ ಅಲ್ಲಿನ ಮಣ್ಣಿನ ಸರಾಸರಿ ಕಣ ಸುಮಾರು 70 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು), ಅದು ಮೂಗಿನಲ್ಲೇ ನಿಲ್ಲುತ್ತದೆ. ತೊಂದರೆ ಇರುವುದು 10 ಮೈಕ್ರಾನ್‌ಗಿಂತ ಸಣ್ಣದರಲ್ಲಿ, ಅದರಲ್ಲೂ 2.5ಕ್ಕಿಂತ ಕೆಳಗಿನದರಲ್ಲಿ. ಪಾಲು ಕಡಿಮೆ, ಆದರೆ ತೇಲುವುದು ಅದೇ.

ಕ್ಲಾಸಿಗೆ ಉಪಯೋಗ ಆಗಬಹುದು ಅಂತ ಒಂದು ವಿಷಯ: ಚಂದ್ರನ ಎತ್ತರದ ಪ್ರದೇಶಗಳ ಕಲ್ಲು ಅನಾರ್ಥೊಸೈಟ್. ಅಂಥದೇ ಕಲ್ಲು ತಮಿಳುನಾಡಿನ ಸೇಲಂ ಹತ್ತಿರದ ಸಿತ್ತಂಪೂಂಡಿಯಲ್ಲಿ ಇದೆ. ಇಸ್ರೋದವರು ಅದನ್ನು ತಂದು, ಪುಡಿ ಮಾಡಿ, ನಕಲಿ ಚಂದ್ರಮಣ್ಣು ತಯಾರಿಸಿ ಬೆಂಗಳೂರಿನಲ್ಲಿ ಲ್ಯಾಂಡರ್, ರೋವರ್ ಪರೀಕ್ಷೆಗೆ ಬಳಸಿದರು. ಹತ್ತಿರದಲ್ಲೇ ಅಂದರೆ ಚಿತ್ರದುರ್ಗ ಜಿಲ್ಲೆ ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಕುಳಿಗಳಂಥ ಗುಂಡಿ ತೋಡಿ ಸೆನ್ಸರ್ ಪರೀಕ್ಷೆ ಮಾಡಿದ್ದಾರೆ.

ಎದೆಗೂಡು:

ನಾನು ಶ್ವಾಸಕೋಶದ ವೈದ್ಯ. ಟೀಚರ್, ಮೊದಲು ನಿಮ್ಮ ತಂದೆಯವರ ವಿಚಾರ. ಎದೆಯ ಎಕ್ಸ್‌ರೇ ಮತ್ತು ಊದಿಸಿ ನೋಡುವ ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ, ಕಲ್ಲಿನ ಕೆಲಸ ಮಾಡಿದ್ದವರು ಅಂತ ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಕಲ್ಲಿನ ಧೂಳು ಹೊಕ್ಕ ಶ್ವಾಸಕೋಶಕ್ಕೆ ಟಿಬಿ ಬೇಗ ತಗುಲುತ್ತದೆ, ಕಫ ಪರೀಕ್ಷೆಯೂ ಆಗಲಿ.

ಈಗ ಚಂದ್ರ. ನಾವು ಎಳೆದುಕೊಂಡ ಧೂಳಿನಲ್ಲಿ ದಪ್ಪ ಕಣಗಳು ಮೂಗಲ್ಲಿ, ಗಂಟಲಲ್ಲಿ, ದೊಡ್ಡ ಕೊಳವೆಗಳಲ್ಲಿ ಕೂರುತ್ತವೆ, ಕಫದ ಜೊತೆ ಹೊರಗೆ ಬರುತ್ತವೆ. ಸಣ್ಣವು ಗಾಳಿಚೀಲದವರೆಗೆ ಹೋಗುತ್ತವೆ. ಅಲ್ಲಿ ಕಫವಿಲ್ಲ, ಗುಡಿಸುವ ಕೂದಲೆಳೆಗಳಿಲ್ಲ, ಇರುವುದು ಮ್ಯಾಕ್ರೋಫೇಜ್ ಅನ್ನುವ ಕಾವಲು ಜೀವಕೋಶಗಳು ಮಾತ್ರ. ಅವು ಕಣವನ್ನು ನುಂಗುತ್ತವೆ. ಜೀರ್ಣಿಸಲು ಆಗದ, ಚೂಪಾದ, ಮೇಲ್ಮೈ ಚುರುಕಾದ ಕಣ ಆದರೆ ಜೀವಕೋಶವೇ ಸತ್ತು ಒಳಗಿನ ಕಿಣ್ವಗಳನ್ನು ಸುತ್ತ ಚೆಲ್ಲುತ್ತದೆ. ಕಣ ಹಾಗೇ ಉಳಿಯುತ್ತದೆ, ಇನ್ನೊಂದು ಜೀವಕೋಶ ಬಂದು ನುಂಗುತ್ತದೆ, ಅದೂ ಸಾಯುತ್ತದೆ. ಇದು ವರ್ಷಾನುಗಟ್ಟಲೆ ನಡೆದಾಗ ಆ ಜಾಗದಲ್ಲಿ ಗಾಯದ ಕಲೆಯಂಥ ಗಟ್ಟಿ ನಾರು ಬೆಳೆಯುತ್ತದೆ. ಹಿಗ್ಗಿ ಕುಗ್ಗಬೇಕಾದ ಶ್ವಾಸಕೋಶ ಹಿಗ್ಗುವುದೇ ಇಲ್ಲ. ಕೆಲಸ ಬಿಟ್ಟ ಮೇಲೂ ಇದು ನಿಲ್ಲುವುದಿಲ್ಲ ಅನ್ನುವುದೇ ಸಿಲಿಕೋಸಿಸ್‌ನ ಕ್ರೌರ್ಯ. ಕೋಲಾರದ ಚಿನ್ನದ ಗಣಿ ಕಾರ್ಮಿಕರಲ್ಲಿ ಇದನ್ನು 1940ರ ದಶಕದಲ್ಲೇ ಗುರುತಿಸಿದ್ದರು.

ಚಂದ್ರನಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ. ಗುರುತ್ವ ಆರನೇ ಒಂದು ಭಾಗ. ವಾಸದ ಕೋಣೆಯ ಗಾಳಿಯಲ್ಲಿ ಧೂಳು ಕೆಳಗೆ ಕೂರುವ ವೇಗವೂ ಅಷ್ಟೇ ತಗ್ಗುತ್ತದೆ, ಅಂದರೆ ಜಾಸ್ತಿ ಹೊತ್ತು ತೇಲುತ್ತದೆ. ಶ್ವಾಸಕೋಶದ ಒಳಗೂ ಅದೇ ಲೆಕ್ಕ. ಭೂಮಿಯಲ್ಲಾದರೆ ದಾರಿ ಮಧ್ಯದ ಕೊಳವೆಗಳಲ್ಲಿ ಕೂತುಬಿಡುತ್ತಿದ್ದ ಕಣ ಅಲ್ಲಿ ಇನ್ನೂ ಆಳಕ್ಕೆ ಹೋಗಿ ಗಾಳಿಚೀಲದ ಹತ್ತಿರ ಕೂರುತ್ತದೆ. ಒಟ್ಟು ಕೂರುವ ಕಣಗಳ ಸಂಖ್ಯೆ ಕಡಿಮೆ ಆಗಬಹುದು, ಆದರೆ ಕೂತದ್ದು ಕೂರಬಾರದ ಜಾಗದಲ್ಲಿ ಕೂತಿರುತ್ತದೆ.

ಹಳೇಬೇರು_77:

ಕ್ಷಮಿಸಿ, ಸ್ವಲ್ಪ ಅತಿಯಾಯಿತು ಅನ್ನಿಸುತ್ತಿದೆ. ಚಂದ್ರನ ಮೇಲೆ ನಡೆದಾಡಿದವರು 12 ಜನ. ಯಾರಾದರೂ ಧೂಳಿನಿಂದ ಶ್ವಾಸಕೋಶ ಹಾಳಾಗಿ ಸತ್ತರು ಅಂತ ಕೇಳಿದ್ದೀರಾ? ಹಲವರು ತುಂಬು ಬಾಳು ಬಾಳಿದರು. ಮಕ್ಕಳಿಗೆ ಸುಮ್ನೆ ಹೆದರಿಕೆ ಹುಟ್ಟಿಸುವುದು ಬೇಡ. ಬಾಹ್ಯಾಕಾಶದ ಕನಸು ಕಾಣುವ ವಯಸ್ಸು ಅದು.

ಎದೆಗೂಡು:

ಹೆದರಿಸಬಾರದು ಅನ್ನುವುದು ನಿಜ, ಒಪ್ಪುತ್ತೇನೆ. ಆದರೆ ಆ 12 ಜನರಿಂದ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ ಸರ್. ಎಲ್ಲರಿಗಿಂತ ಜಾಸ್ತಿ ಇದ್ದ ಅಪೊಲೊ 17ರವರೇ ಚಂದ್ರನ ನೆಲದಲ್ಲಿ ಇದ್ದದ್ದು ಸುಮಾರು 75 ಗಂಟೆ. ಕಲ್ಲು ಕ್ವಾರಿಯಲ್ಲಿ ಮೂರು ದಿನ ಕೆಲಸ ಮಾಡಿದವನಿಗೂ ಏನೂ ಆಗುವುದಿಲ್ಲ. ಹತ್ತು, ಹದಿನೈದು ವರ್ಷ ಮಾಡಿದವನನ್ನು ನೋಡಬೇಕು. ಧೂಳಿನ ಕಾಯಿಲೆಗಳಲ್ಲಿ ಎಷ್ಟು ಧೂಳು, ಎಷ್ಟು ಕಾಲ ಅನ್ನುವುದೇ ಎಲ್ಲ.

ಇನ್ನೊಂದು ಗಮನಿಸಬೇಕಾದ ಪ್ರಕರಣ ಇದೆ. ಅಪೊಲೊ ಸೂಟುಗಳು, ಸಾಮಾನುಗಳು ಭೂಮಿಗೆ ಬಂದ ಮೇಲೆ ಅವುಗಳ ಜೊತೆ ಕೆಲಸ ಮಾಡಿದ ಒಬ್ಬ ವೈದ್ಯರಿಗೆ ಅಲರ್ಜಿಯಂಥ ಪ್ರತಿಕ್ರಿಯೆ ಬಂತು. ಸ್ಮಿಟ್ ಅವರದ್ದಕ್ಕೆ ಉಲ್ಟಾ. ಸ್ಮಿಟ್ ಅವರಿಗೆ ಸಲದಿಂದ ಸಲಕ್ಕೆ ಇಳಿಯಿತು, ಇವರಿಗೆ ಸಲದಿಂದ ಸಲಕ್ಕೆ ಏರಿತು, ಕೊನೆಗೆ ಆ ಕೆಲಸದಿಂದ ದೂರ ಇರಬೇಕಾಯಿತು. ಒಬ್ಬೊಬ್ಬರ ದೇಹ ಒಂದೊಂದು ರೀತಿ. ವಾಸಕ್ಕೆ ಅಂತ ಜನರನ್ನು ಕಳಿಸುವಾಗ ಇದು ಲೆಕ್ಕಕ್ಕೆ ಬರಲೇಬೇಕು.

ಇಳಕಲ್_ಟೀಚರ್:

ಡಾಕ್ಟ್ರೇ, ಅಪ್ಪನ ವಿಷಯಕ್ಕೆ ತುಂಬಾ ಧನ್ಯವಾದ, ಎಕ್ಸ್‌ರೇ ಆಗಿದೆ, ಆ ಊದುವ ಪರೀಕ್ಷೆ ಆಗಿಲ್ಲ, ಮಾಡಿಸುತ್ತೇನೆ. ಎಲ್ಲರ ಉತ್ತರವನ್ನೂ ಬರೆದಿಟ್ಟುಕೊಂಡೆ. ಆದರೆ ಶೇ 90 ಮತ್ತು ಸಿಡ್ನಿ ಎರಡರಲ್ಲಿ ಯಾವುದು ಸರಿ ಅನ್ನುವುದು ಉಳಿದೇ ಹೋಯಿತು.

ಎದೆಗೂಡು:

ಎರಡೂ ಸರಿ, ಎರಡೂ ಬೇರೆ ಬೇರೆ ಪ್ರಶ್ನೆ ಕೇಳಿವೆ.

2018ರಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದವರು ಮನುಷ್ಯರ ಶ್ವಾಸಕೋಶದ ಜೀವಕೋಶ ಮತ್ತು ಇಲಿಯ ನರಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಅದಕ್ಕೆ ನಕಲಿ ಚಂದ್ರಮಣ್ಣು ಹಾಕಿದರು. ಕೆಲವು ಮಾದರಿಗಳನ್ನು ತುಂಬ ನುಣ್ಣಗೆ ಅರೆದಾಗ ಶೇ 90ರವರೆಗೆ ಜೀವಕೋಶ ಸತ್ತವು. ಆದರೆ ತಟ್ಟೆಯಲ್ಲಿ ಜೀವಕೋಶದ ಮೇಲೆ ನೇರ ಸುರಿಯುವುದು ಬೇರೆ, ಮೂಗು ಗಂಟಲು ಕಫ ಎಲ್ಲ ಇರುವ ದೇಹ ಎಳೆದುಕೊಳ್ಳುವುದು ಬೇರೆ. 2025ರಲ್ಲಿ ಸಿಡ್ನಿಯ ತಂತ್ರಜ್ಞಾನ ವಿಶ್ವವಿದ್ಯಾಲಯದವರು ಮಾಡಿದ್ದೂ ತಟ್ಟೆಯ ಪ್ರಯೋಗವೇ, ನಕಲಿ ಮಣ್ಣೇ. ವಾಹನ ಓಡಾಡುವ ರಸ್ತೆಯ ಧೂಳಿನ ಜೊತೆ ಹೋಲಿಸಿದರು, ರಸ್ತೆಯದೇ ಜಾಸ್ತಿ ಹಾನಿ ಮಾಡಿತು. ಅದರಿಂದ ಚಂದ್ರನ ಧೂಳು ಒಳ್ಳೆಯದು ಅಂತ ಆಗಲಿಲ್ಲ, ನಮ್ಮ ರಸ್ತೆಗಳ ಗಾಳಿ ಎಷ್ಟು ಕೆಟ್ಟಿದೆ ಅಂತಲೂ ಆಯಿತು.

ನಾನು ಜಾಸ್ತಿ ತೂಕ ಕೊಡುವುದು ನಾಸಾದವರ ಇಲಿ ಪ್ರಯೋಗಕ್ಕೆ. ಅಲ್ಲಿ ಬಳಸಿದ್ದು ಅಪೊಲೊ 14 ತಂದ ಅಸಲಿ ಮಣ್ಣು. ದಿನಕ್ಕೆ 6 ಗಂಟೆ, ವಾರಕ್ಕೆ 5 ದಿನ, 4 ವಾರ ಇಲಿಗಳು ಅದನ್ನು ಉಸಿರಾಡಿದವು. 2013ರಲ್ಲಿ ಪ್ರಕಟವಾಯಿತು. ಒಂದು ಘನ ಮೀಟರ್ ಗಾಳಿಯಲ್ಲಿ 6.8 ಮಿಲಿಗ್ರಾಂ ಇದ್ದಾಗ ಗಮನಿಸುವಂಥ ಹಾನಿ ಕಾಣಲಿಲ್ಲ. 20.8 ಮತ್ತು 60.6ರಲ್ಲಿ ಉರಿಯೂತ, ಆಮೇಲೆ ನಾರು ಬೆಳೆಯುವ ಲಕ್ಷಣ ಕಂಡವು. ಒಟ್ಟಾರೆ ಅದರ ಹಾನಿ ಬಿಳಿ ಪೇಂಟಿಗೆ ಹಾಕುವ ಟೈಟಾನಿಯಂ ಡೈಆಕ್ಸೈಡ್ ಪುಡಿಗಿಂತ ಜಾಸ್ತಿ, ಕ್ವಾರ್ಟ್ಜ್‌ಗಿಂತ ಕಡಿಮೆ. ಹಾಗೆ ಲೆಕ್ಕ ಹಾಕಿ, ಆರು ತಿಂಗಳವರೆಗಿನ ವಾಸಕ್ಕೆ ನಾಸಾ ಇಟ್ಟ ಮಿತಿ ಒಂದು ಘನ ಮೀಟರ್‌ಗೆ 0.3 ಮಿಲಿಗ್ರಾಂ. ಹೋಲಿಕೆಗೆ, ಅಮೆರಿಕದಲ್ಲಿ ಕೆಲಸದ ಜಾಗದ ಕ್ವಾರ್ಟ್ಜ್ ಧೂಳಿಗೆ 2016ರಿಂದ ಇರುವ ಮಿತಿ 0.05. ಅಂದರೆ ಕ್ವಾರ್ಟ್ಜ್‌ಗೆ ಆರು ಪಟ್ಟು ಬಿಗಿ. ನಮ್ಮ ದೇಶದಲ್ಲಿ ಹೊರಗಿನ ಗಾಳಿಯ ಪಿಎಂ10ಗೆ (10 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಧೂಳಿಗೆ) ದಿನದ ಮಿತಿ 0.1 ಮಿಲಿಗ್ರಾಂ, ದೆಹಲಿಯ ಚಳಿಗಾಲದಲ್ಲಿ ಅದು 0.3 ದಾಟುವುದು ಉಂಟು.

ಕಲ್ಲುಮಣ್ಣು:

ಡಾಕ್ಟರ್, ಒಂದು ಮಾತು ಸೇರಿಸಲಾ? ಆ ಅಪೊಲೊ 14ರ ಮಣ್ಣು ದಶಕಗಳ ಕಾಲ ಭೂಮಿಯಲ್ಲಿ ಇದ್ದದ್ದು. ನಿರ್ವಾತ ಅವರು ಹೇಳಿದ ಮದ್ದಿನ ವಾಸನೆ ಇದ್ದ ತಾಜಾ ಮಣ್ಣು ಅಲ್ಲ. ಹಾಗಾಗಿ ಆ ಫಲಿತಾಂಶ ಪೂರ್ತಿ ನಂಬಬಹುದಾ?

ಎದೆಗೂಡು:

ಒಳ್ಳೆ ಪ್ರಶ್ನೆ, ಅವರಿಗೂ ಇದೇ ಅನುಮಾನ ಇತ್ತು. ಅದಕ್ಕೇ ಮಣ್ಣನ್ನು ಬೇರೆ ಬೇರೆ ರೀತಿ ಅರೆದು ಹೊಸ ಮೇಲ್ಮೈ ಬರಿಸಿ ಪರೀಕ್ಷೆ ಮಾಡಿದರು. ಮೇಲ್ಮೈಯ ರಾಸಾಯನಿಕ ಚುರುಕು ಎಷ್ಟು ಬೇರೆಬೇರೆ ಇದ್ದರೂ ಶ್ವಾಸಕೋಶಕ್ಕೆ ಆದ ಹಾನಿ ಅದಕ್ಕೆ ತಕ್ಕಂತೆ ಏರಿಳಿಯಲಿಲ್ಲ. ಇದರಿಂದ ಸ್ವಲ್ಪ ಸಮಾಧಾನ ಆಗುತ್ತದೆ. ಆದರೂ ನಿಮಿಷಗಳ ಹಿಂದೆ ನಿರ್ವಾತದಿಂದ ಒಳಗೆ ಬಂದ ಧೂಳನ್ನು ಉಸಿರಾಡಿದ ಅನುಭವ ಇರುವುದು ಅಪೊಲೊದವರಿಗೆ ಮಾತ್ರ.

ನಿರ್ವಾತ:

ಹಾಗಾದರೆ ಇರುವುದು ಹೇಗೆ ಅಂತ ಆ ಹುಡುಗಿ ಕೇಳಿದಳಲ್ಲ, ಅದಕ್ಕೆ ಉತ್ತರ: ಧೂಳನ್ನು ಹೊಸಿಲಿನಲ್ಲೇ ತಡೆಯಬೇಕು. ಬೂಟು ಹೊರಗೆ ಬಿಟ್ಟರೆ ಸಾಲದು, ಇಡೀ ಸೂಟನ್ನೇ ಹೊರಗೆ ಬಿಡಬೇಕು. ಸೂಟಿನ ಬೆನ್ನಿನಲ್ಲಿ ಬಾಗಿಲಿಟ್ಟು, ಅದನ್ನು ಮನೆಯ ಗೋಡೆಗೆ ಹೊರಗಿನಿಂದ ಕಚ್ಚಿಸಿ, ಮನುಷ್ಯ ಮಾತ್ರ ಹಿಂದಿನಿಂದ ಒಳಗೆ ಜಾರುವ ವ್ಯವಸ್ಥೆಯನ್ನು ನಾಸಾ ಮಾದರಿ ವಾಹನಗಳಲ್ಲಿ ಮಾಡಿ ನೋಡಿದೆ. ಅದಕ್ಕೂ ಧೂಳೇ ವೈರಿ, ಯಾಕೆಂದರೆ ಬಾಗಿಲಿನ ರಬ್ಬರಿಗೆ ಧೂಳು ಕೂತರೆ ಗಾಳಿ ಸೋರುತ್ತದೆ. ಅಪೊಲೊ ಕಾಲದಲ್ಲೇ ಕಲ್ಲು ತುಂಬಿ ತಂದ ಪೆಟ್ಟಿಗೆಗಳ ಸೀಲು ಹೀಗೇ ಕೆಟ್ಟಿತ್ತು, ಸೂಟುಗಳ ಸೋರಿಕೆಯೂ ಏರಿತ್ತು.

ಇನ್ನೊಂದು ದಾರಿ ವಿದ್ಯುತ್ತಿನದು. ಮೇಲ್ಮೈಯಲ್ಲಿ ತೆಳು ತಂತಿಗಳನ್ನಿಟ್ಟು, ಅಲೆಯ ಹಾಗೆ ಸರಿಯುವ ವಿದ್ಯುತ್ ಕ್ಷೇತ್ರ ಹರಿಸಿದರೆ ಆವೇಶ ಇರುವ ಧೂಳು ತಾನೇ ಜಿಗಿದು ಹೋಗುತ್ತದೆ. 2025ರ ಮಾರ್ಚ್‌ನಲ್ಲಿ ಅಮೆರಿಕದ ಖಾಸಗಿ ಕಂಪನಿಯೊಂದರ ಬ್ಲೂ ಘೋಸ್ಟ್ ಲ್ಯಾಂಡರ್ ಇದನ್ನು ಚಂದ್ರನ ಮೇಲೇ ಮಾಡಿ ತೋರಿಸಿತು, ಗಾಜಿನ ಮೇಲೆ ಕೂತಿದ್ದ ಧೂಳು ಸರಿದು ಹೋದ ಚಿತ್ರಗಳು ಸಿಗುತ್ತವೆ, ಮಕ್ಕಳಿಗೆ ತೋರಿಸಿ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು ದ್ರವ ಸಾರಜನಕ ಚಿಮುಕಿಸಿ ಸೂಟಿನ ಬಟ್ಟೆ ತುಂಡಿನಿಂದ ಶೇ 98ಕ್ಕಿಂತ ಜಾಸ್ತಿ ನಕಲಿ ಧೂಳು ತೆಗೆದಿದ್ದಾರೆ.

ಆಮೇಲೆ ಧೂಳು ಏಳದ ಹಾಗೆ ನೋಡಿಕೊಳ್ಳುವುದು. ಚಂದ್ರಯಾನ-3 ಇಳಿಯುವಾಗ ಇಂಜಿನ್ ಊದಿದ್ದಕ್ಕೆ ಸುಮಾರು 2.06 ಟನ್ ಮಣ್ಣು 108 ಚದರ ಮೀಟರ್ ಜಾಗದಿಂದ ಚದುರಿತು ಅಂತ ಇಸ್ರೋ ಲೆಕ್ಕ ಕೊಟ್ಟಿದೆ. ಅದು ಸಣ್ಣ ಲ್ಯಾಂಡರ್. ಜನರನ್ನು ಹೊತ್ತ ದೊಡ್ಡ ನೌಕೆ ವಸತಿಯ ಪಕ್ಕದಲ್ಲಿ ಇಳಿದರೆ ಏನಾದೀತು, ಅದಕ್ಕೇ ಇಳಿಯುವ ಕಟ್ಟೆ, ರಸ್ತೆ ಮೊದಲು ಆಗಬೇಕು ಅಂತಾರೆ. ಮಣ್ಣನ್ನೇ ಲೇಸರ್‌ನಿಂದ ಕರಗಿಸಿ ಹಾಸುಗಲ್ಲು ಮಾಡುವ ಪ್ರಯೋಗ ಯುರೋಪಿನಲ್ಲಿ ಆಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇಸ್ರೋ ಜೊತೆ ಸೇರಿ ಬ್ಯಾಕ್ಟೀರಿಯಾ, ಯೂರಿಯಾ ಮತ್ತು ಗೋರಿಕಾಯಿ ಗೋಂದು ಬಳಸಿ ನಕಲಿ ಚಂದ್ರಮಣ್ಣನ್ನು ಇಟ್ಟಿಗೆ ಮಾಡಿದ್ದಾರೆ.

ಹಳೇಬೇರು_77:

ಸರಿ, ಒಪ್ಪಿದೆ. ಇಷ್ಟೆಲ್ಲ ಉಪಾಯ ಇದೆಯಲ್ಲ, ಮಕ್ಕಳಿಗೆ ಇದನ್ನೂ ಹೇಳಬೇಕು ಅಂತಲೇ ನನ್ನ ಆಸೆ. ಒಂದು ಕೇಳಲಾ ಡಾಕ್ಟ್ರೇ, ಆ 0.3 ಮಿತಿ ಪಾಲಿಸಿದರೆ ವರ್ಷಗಟ್ಟಲೆ ಇರಬಹುದಾ?

ಎದೆಗೂಡು:

ಆ ಅಂಕಿ ಆರು ತಿಂಗಳಿಗೆ ಅಂತ ಇಟ್ಟದ್ದು, ಅದೂ ಆರೋಗ್ಯ ಪರೀಕ್ಷೆ ಮಾಡಿ ಆರಿಸಿದ ಗಗನಯಾತ್ರಿಗಳಿಗೆ. ಅಲ್ಲೇ ನೆಲೆ ನಿಲ್ಲುವವರಿಗೆ, ಹುಟ್ಟುವ ಮಕ್ಕಳಿಗೆ, ಆಸ್ತಮಾ ಇರುವವರಿಗೆ ಅದನ್ನು ಹಾಗೇ ಎತ್ತಿ ಹಾಕುವಂತಿಲ್ಲ. ನನಗೆ ನಿಜವಾಗಿ ಚಿಂತೆ ಇರುವುದು ಯಾರ ಬಗ್ಗೆ ಅಂದರೆ ಅಲ್ಲಿ ಅಗೆಯುವವರ, ಮಣ್ಣು ಸಾಗಿಸುವವರ, ಇಟ್ಟಿಗೆ ಸುಡುವವರ, ಫಿಲ್ಟರ್ ಬಿಚ್ಚಿ ಬದಲಿಸುವವರ ಬಗ್ಗೆ. ಕೋಣೆಯ ಸರಾಸರಿ 0.3 ಇದ್ದರೂ ಫಿಲ್ಟರ್ ಬಿಚ್ಚುವವನ ಮುಖದ ಮುಂದೆ ಎಷ್ಟಿರುತ್ತದೆ? ಇಲ್ಲಿ ಕಲ್ಲಿನ ಕಾರ್ಖಾನೆಗಳಲ್ಲಿ ನಾವು ಕಂಡದ್ದು ಅದೇ, ಆಫೀಸಿನ ಗಾಳಿ ಚೆನ್ನಾಗಿರುತ್ತದೆ, ಮಷಿನ್ ಪಕ್ಕ ನಿಂತವನದು ಅಲ್ಲ. ಅಳತೆ ಯಂತ್ರ ಅವನ ಕಾಲರಿನ ಮೇಲೆ ಇರಬೇಕು. ಹೋಗುವ ಮುಂಚೆ ಒಂದು, ಬಂದ ಮೇಲೆ ಒಂದು, ಆಮೇಲೆ ಬದುಕಿರುವಷ್ಟು ಕಾಲ ವರ್ಷಕ್ಕೊಂದು ಎದೆ ಪರೀಕ್ಷೆ ಆಗಬೇಕು, ಖರ್ಚು ಕಳಿಸಿದವರದು.

ಇಳಕಲ್_ಟೀಚರ್:

ಡಾಕ್ಟ್ರೇ, ಕಾಲರಿನ ಮೇಲೆ ಇಡುವ ಆ ಅಳತೆ ಯಂತ್ರ ನಮ್ಮೂರಿನ ಪಾಲಿಶ್ ಘಟಕಗಳಲ್ಲಿ ಬಳಸುವಂಥದ್ದು ಇದೆಯಾ? ಮಕ್ಕಳಿಗಿಂತ ಮೊದಲು ನಾನು ಅದನ್ನು ನೋಡಬೇಕು.

ಎದೆಗೂಡು:

ಇದೆ. ಸೊಂಟಕ್ಕೆ ಕಟ್ಟುವ ಪುಟ್ಟ ಪಂಪು, ಅಲ್ಲಿಂದ ಒಂದು ಕೊಳವೆ ಕಾಲರಿನವರೆಗೆ, ತುದಿಯಲ್ಲಿ ಫಿಲ್ಟರ್. ಪಾಳಿ ಮುಗಿದ ಮೇಲೆ ಫಿಲ್ಟರ್ ತೂಗಿ ಎಷ್ಟು ಧೂಳು, ಅದರಲ್ಲಿ ಎಷ್ಟು ಕ್ವಾರ್ಟ್ಜ್ ಅಂತ ಲ್ಯಾಬಿನಲ್ಲಿ ನೋಡುತ್ತಾರೆ. ನಿಮ್ಮ ಜಿಲ್ಲೆಯ ಕಾರ್ಖಾನೆ ಇಲಾಖೆಗೆ ಒಂದು ಅರ್ಜಿ ಬರೆದು ಅಳತೆ ಮಾಡಿಸಿ ಅಂತ ಕೇಳಿ. ಅರ್ಜಿ ಬರೆಯಲು ಸಹಾಯ ಬೇಕಾದರೆ ಇಲ್ಲೇ ಮೆಸೇಜ್ ಹಾಕಿ, ನಾನು ಬರೆದುಕೊಡುತ್ತೇನೆ.